ರಿಕಾಪಿಲ್ಲದ ರಾವುತರು

ಮುಂಬಯಿಯ ಕೋಟೆ ಭಾಗದಲ್ಲಿ ನೌಕರಿ ಮಾಡುವ ಕನ್ನಡ ಬಂಧುಗಳಿಗೆ ಕಾಳಾ ಘೋಡಾವನ್ನು ಪರಿಚಯ ಮಾಡಿಕೊಡಬೇಕಾದುದಿಲ್ಲ. ಆಲ್ಬರ್ಟ್ ಸಸೂನ್ ಎಂಬ ಶ್ರೀಮಂತರು ಕೊಟ್ಟ, ವೇಲ್ಸ್ ರಾಜಕುಮಾರನ ಕುದುರೆ ಸವಾರಿಯ ಕರಿಯ ಪ್ರತಿಮೆಯೊಂದು 1879ರಲ್ಲಿ ಅಲ್ಲಿ ನಿಂತಿತು. 1965ರಲ್ಲಿ ಅದನ್ನು ಕಿತ್ತು ಬೈಖಳಾದ ರಾಣಿಬಾಗಿಗೆ ಸಾಗಿಸಿದರು. ಜನರ ಬಾಯಲ್ಲಿ ಮಾತ್ರ ರಾಜಕುಮಾರ ಎಂದೂ ಉಳಿದಿರಲಿಲ್ಲ, ಉಳಿದದ್ದು ಕುದುರೆ. ಕುದುರೆಯೂ ಹೋದ ಮೇಲೆ ಐವತ್ತೆರಡು ವರ್ಷ ಬರಿಯ ಹೆಸರೇ ಆ ಚೌಕದಲ್ಲಿ ನಿಂತಿತ್ತು. 2017ರಲ್ಲಿ ಹೊಸ ಕರಿಯ ಕುದುರೆಯೊಂದು ಬಂದಿತು. ಅದರ ಮೇಲೆ ಸವಾರನಿಲ್ಲ. ಆಫೀಸಿಗೆ ಹೋಗುವಾಗಲೂ ಬರುವಾಗಲೂ ಆ ಖಾಲಿ ಬೆನ್ನನ್ನು ನೋಡಿದವರು ನಾವು. ಇದರ ಮೇಲೆ ಹತ್ತಿದರೆ ಹೇಗೆ ಕೂಡಬೇಕು ಎಂಬ ವಿಚಾರ ಎರಡು ವರ್ಷಗಳ ಹಿಂದಿನವರೆಗೆ ನಮ್ಮ ತಲೆಗೆ ಬಂದಿರಲಿಲ್ಲ.

ಬಿ.ಕಾಂ. ಓದಿ ಬ್ಯಾಂಕಿನ ಮೇಜಿಗೆ ಅಂಟಿಕೊಂಡವರು ಕುದುರೆ ಸವಾರಿಯ ಇತಿಹಾಸ ಬರೆಯಹೊರಟರೆ ವಾಚಕರು ನಕ್ಕಾರು. ನಗಲಿ. ನಮಗೆ ಗೊತ್ತಿರುವ ಸಮತೋಲವೆಂದರೆ ಸಂಜೆಯ ಹೊತ್ತಿಗೆ ಜಮೆ-ಖರ್ಚು ತಾಳೆಯಾಗುವುದು. ಆದರೆ ಮನೆಯಲ್ಲಿ ಒಂದು ವಿದ್ಯೆ ಇತ್ತು, ಅದನ್ನು ಬಲ್ಲ ಮುದುಕರೊಬ್ಬರು ಇದ್ದರು, ಅದು ವಿದ್ಯೆಯೆಂಬುದೇ ನಮಗೆ ತಿಳಿಯಲಿಲ್ಲ. ತಿಳಿದದ್ದು ಮಾಥೇರಾನಿನಲ್ಲಿ.

ಮಕ್ಕಳ ರಜೆಯಲ್ಲಿ ಸಂಸಾರಸಮೇತ ಅಲ್ಲಿಗೆ ಹೋಗಿದ್ದೆವು. ಆ ಗುಡ್ಡದ ಮೇಲೆ ಪ್ರವಾಸಿಗರ ಮೋಟಾರುಗಳಿಗೆ ಪ್ರವೇಶವಿಲ್ಲ. ದಸ್ತೂರಿ ನಾಕಾದಿಂದ ಮುಂದೆ ಕುದುರೆಗಳ ಸಾಲೇ ಸಾಲು. ಏಳು ವರ್ಷದ ನಮ್ಮ ಮಗಳನ್ನು ಕುದುರೆಯವನು ಎತ್ತಿ ಜೀನಿನ ಮೇಲೆ ಕೂರಿಸಿದ. ರಿಕಾಪುಗಳು ದೊಡ್ಡವರ ಅಳತೆಯವು. ಹುಡುಗಿಯ ಕಾಲು ಮುಟ್ಟಲಿಲ್ಲ. ಪಟ್ಟಿಯ ಸಂದಿನಲ್ಲಿ ಪಾದ ತುರುಕಿ, “ಘಟ್ಟ ಧರಾ” ಎಂದ. ಆಕೆ ಘಟ್ಟಿಯಾಗಿಯೇ ಹಿಡಿದಳು. ಮೊಣಕಾಲಿನಿಂದ ಹಿಡಿದಳು, ಕೈಯಿಂದ ಹಿಡಿದಳು, ಉಸಿರನ್ನೂ ಹಿಡಿದಳು. ಹತ್ತು ಹೆಜ್ಜೆಗೆ ಒಂದು ಪಕ್ಕಕ್ಕೆ ಜಾರಿ ಚೀರಿದಳು. ಬೆಂಚಿನ ಮೇಲೆ ಕುಳಿತಿದ್ದ ನಮ್ಮ ಅಜ್ಜನವರಿಗೆ ಆಗ ತೊಂಬತ್ತರ ಹತ್ತಿರ. ಕೋಲೂರಿ ಎದ್ದು ಬಂದು ಅವರು ಹೇಳಿದ್ದಿಷ್ಟು: “ತಂಗೀ, ಆ ಪಟ್ಟಿ ಒಳಗಿನ ಕಾಲ ತಗೀ. ತೊಡಿ ಬಿಗೀಬ್ಯಾಡ. ಕಾಲು ತಮ್ಮಷ್ಟಕ್ಕ ಜೋತಾಡ್ಲಿ. ಕುದ್ರಿ ಕಿವಿ ನಡುವಿಂದ ದಾರಿ ನೋಡು.” ಆಕೆ ಹಾಗೆಯೇ ಮಾಡಿದಳು. ಅರ್ಧ ತಾಸಿನ ದಾರಿಯನ್ನು ಕುಣಿಯುತ್ತ ಮುಗಿಸಿ ಬಂದಳು.

ಅಜ್ಜನವರು ಇಂಡಿ ತಾಲೂಕಿನ ಭೀಮಾತೀರದವರು. ಹುಡುಗರಾಗಿದ್ದಾಗ ಮನೆಯಲ್ಲೊಂದು ತಟ್ಟು ಇತ್ತಂತೆ. ಸಂತೆಗೆ ಜೋಳದ ಚೀಲ ಹೊರುವುದು ಅದರ ಕೆಲಸ. ವಾರಕ್ಕೊಮ್ಮೆ ಹೊಳೆಗೆ ಒಯ್ದು ಮೈ ತೊಳೆಯಿಸುವುದು ಇವರ ಕೆಲಸ. ತೊಳೆದ ಕುದುರೆಯ ಒದ್ದೆ ಬೆನ್ನಿನ ಮೇಲೆ ಜೀನಿಲ್ಲದೆ, ಕಂಬಳಿಯಿಲ್ಲದೆ, ಬಾಯಿಗೆ ಒಂದು ಹಗ್ಗ ಸುತ್ತಿ ಊರಿಗೆ ಬರುವುದು ಇವರ ಸುಖ. ನಾವು ಹತ್ತು ವರ್ಷದವರಿದ್ದಾಗ ಒಮ್ಮೆ ಊರ ಜಾತ್ರೆಯಲ್ಲಿ ಯಾರದೋ ತಟ್ಟಿನ ಮೇಲೆ ನಮ್ಮನ್ನೂ ಹತ್ತಿಸಿದ್ದರು. ನಾವು ನೇರವಾಗಿ ಜಾಲಿಯ ಮುಳ್ಳಿಗೆ ಬಿದ್ದೆವು. ಅಲ್ಲಿಗೆ ನಮ್ಮ ಅಶ್ವಾರೋಹಣ ಪರ್ವ ಮುಗಿಯಿತು.

ಮಾಥೇರಾನಿನಿಂದ ಮರಳಿದ ಮೇಲೆ ಡೊಂಬಿವಲಿಯ ಮನೆಯ ಸೋಫಾದ ಕೈಯನ್ನೇ ಕುದುರೆ ಮಾಡಿಕೊಂಡು ಅಜ್ಜನವರು ಮೊಮ್ಮಗಳ ಮಗಳಿಗೆ ಪಾಠ ಹೇಳತೊಡಗಿದರು. ನಾವು ಪಕ್ಕದಲ್ಲಿ ಕುಳಿತು ಬರೆದುಕೊಂಡೆವು. ಅದರ ಸಾರ ಹೀಗಿದೆ.

ಬರಿ ಬೆನ್ನಿನ ಮೇಲೆ ಕೂಡಲು ಜಾಗ ಒಂದೇ. ಕುತ್ತಿಗೆ ಮುಗಿಯುವಲ್ಲಿ ಒಂದು ಎತ್ತರವಿರುತ್ತದೆ. ಅದರ ಹಿಂದೆಯೇ ಬೆನ್ನು ಸ್ವಲ್ಪ ತಗ್ಗುತ್ತದೆ. ಆ ತಗ್ಗೇ ಆಸನ. ಮುಂದೆ ಸರಿದರೆ ಎಲುಬು ಚುಚ್ಚುತ್ತದೆ, ಹಿಂದೆ ಸರಿದರೆ ಕುದುರೆಯ ನಡುವಿಗೆ ಭಾರ ಬಿದ್ದು ಅದು ಸಿಡಿಮಿಡಿಗೊಳ್ಳುತ್ತದೆ. ಕೂಡುವ ಎಲುಬುಗಳೆರಡರ ಮೇಲೂ ಭಾರ ಸಮನಾಗಿರಬೇಕು. ಕಿವಿ, ಹೆಗಲು, ಸೊಂಟ, ಹಿಮ್ಮಡಿ ಒಂದೇ ತೂಗುಗುಂಡಿನ ನೂಲಿನಲ್ಲಿ ಬರಬೇಕು; ಕುದುರೆಯನ್ನು ಮಾಯಮಾಡಿದರೆ ಸವಾರ ನೆಲದ ಮೇಲೆ ಕಾಲೂರಿ ನಿಲ್ಲಬೇಕೇ ಹೊರತು ಕುಕ್ಕರಿಸಿ ಬೀಳಬಾರದು. ಮೊಣಕಾಲಿನಿಂದ ಒತ್ತಿ ಹಿಡಿಯುವುದೇ ಎಲ್ಲ ಹೊಸಬರ ತಪ್ಪು. ಒದ್ದೆ ಸಾಬೂನನ್ನು ಮುಷ್ಟಿಯಲ್ಲಿ ಹಿಂಡಿದರೆ ಅದು ಮೇಲಕ್ಕೆ ಚಿಮ್ಮುವುದಿಲ್ಲವೆ? ಹಾಗೆಯೇ ಮೊಣಕಾಲು ಬಿಗಿದಷ್ಟೂ ಸವಾರನೇ ಮೇಲಕ್ಕೆ ಚಿಮ್ಮುತ್ತಾನೆ. ಅಷ್ಟೇ ಅಲ್ಲ, ಕಾಲಿನ ಒತ್ತನ್ನು ಕುದುರೆ ‘ಓಡು’ ಎಂದು ತಿಳಿಯುತ್ತದೆ. ಹೆದರಿದವನು ಬಿಗಿಯುತ್ತಾನೆ, ಬಿಗಿದಾಗ ಕುದುರೆ ಓಡುತ್ತದೆ, ಓಡಿದಾಗ ಇನ್ನಷ್ಟು ಹೆದರಿಕೆ!

ಹಾಗಾದರೆ ಹಿಡಿದುಕೊಳ್ಳುವುದು ಏನನ್ನು? ಮೊದಮೊದಲು ಕುತ್ತಿಗೆಯ ಕೂದಲನ್ನು ಒಂದು ಹಿಡಿ ಹಿಡಿಯಬಹುದು, ಲಗಾಮನ್ನಲ್ಲ. ಲಗಾಮಿಗೆ ಜೋತು ಬಿದ್ದರೆ ಕುದುರೆಯ ಬಾಯಿ ಹುಣ್ಣಾಗುತ್ತದೆ. ಆದರೆ ನಿಜವಾದ ಹಿಡಿತ ನಡುವಿನದು. ಕುದುರೆ ನಡೆಯುವಾಗ ಅದರ ಹಿಂಗಾಲು ಒಂದಾದ ಮೇಲೊಂದು ಮುಂದೆ ಬರುತ್ತದೆ. ಹೊಟ್ಟೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಆ ತೂಗಿಗೆ ಸವಾರನ ಸೊಂಟ ಅಡ್ಡಿಯಾಗದೆ ತೂಗಬೇಕು. ಯಾರಾದರೂ ಹಗ್ಗ ಹಿಡಿದು ನಡೆಸುತ್ತಿರುವಾಗ ಕಣ್ಣು ಮುಚ್ಚಿ ಕುಳಿತರೆ ಇದು ಬೇಗ ತಿಳಿಯುತ್ತದೆಯಂತೆ. ತಿರುಗುವಾಗ ಒಳಬದಿಗೆ ವಾಲದೆ, ಹೋಗಬೇಕಾದ ಕಡೆಗೆ ಕಣ್ಣು ಹಾಯಿಸಬೇಕು. ಮೈ ತಾನೇ ಸರಿಹೋಗುತ್ತದೆ. ಕುಕ್ಕುಲೋಟದಲ್ಲಿ ಮುಂದಕ್ಕೆ ಬಗ್ಗಿದವನು ಬಿದ್ದಂತೆಯೇ. ಕೂದಲೆಳೆಯಷ್ಟು ಹಿಂದಕ್ಕಿದ್ದು ಉಸಿರು ಬಿಡುತ್ತಿರಬೇಕು. ಉಸಿರು ಹಿಡಿದಿದ್ದೇವೋ ಬಿಟ್ಟಿದ್ದೇವೋ ಎಂದು ತಿಳಿಯಲು ಅಜ್ಜನವರ ಅಪ್ಪ ಮಗ್ಗಿ ಹೇಳಿಸುತ್ತಿದ್ದರಂತೆ. ತಟ್ಟಿನ ಮೇಲೆ ಹದಿನೇಳರ ಮಗ್ಗಿ ತಡವರಿಸದೆ ಹೇಳಿದ ದಿನ ಹಗ್ಗ ಕೈಗೆ ಬಂದಿತು.

ಇದನ್ನೆಲ್ಲ ಬರೆದುಕೊಂಡ ಮೇಲೆ, ಹಳ್ಳಿಯ ಈ ಮಾತಿಗೆ ಗ್ರಂಥಗಳ ಆಧಾರವುಂಟೆ ಎಂದು ಹುಡುಕಿದೆವು. ಸಿಕ್ಕ ಮೊದಲ ಸಾಕ್ಷಿಯೇ ನಮ್ಮನ್ನು ಬೆರಗುಗೊಳಿಸಿತು. ಕ್ರಿ.ಪೂ. 4ನೆಯ ಶತಮಾನದಲ್ಲಿ ಅಥೆನ್ಸಿನ ಝೆನೊಫನ್ ಎಂಬ ಸೇನಾನಿ ಅಶ್ವಾರೋಹಣದ ಮೇಲೊಂದು ಪುಸ್ತಕ ಬರೆದ. ಆಗಿನ ಗ್ರೀಕರಿಗೆ ಜೀನೂ ಇಲ್ಲ, ರಿಕಾಪೂ ಇಲ್ಲ. ಬರಿ ಬೆನ್ನು, ಇಲ್ಲವೆ ಒಂದು ಬಟ್ಟೆ. ಸವಾರನು ಕುರ್ಚಿಯಲ್ಲಿ ಕುಳಿತಂತೆ ಕೂಡಬಾರದು, ಕಾಲಗಲಿಸಿ ನೆಟ್ಟಗೆ ನಿಂತಂತಿರಬೇಕು. ಮೊಣಕಾಲಿನ ಕೆಳಗಿನ ಕಾಲು ಸಡಿಲವಾಗಿ ಇಳಿಬಿದ್ದಿರಬೇಕು ಎಂಬುದು ಆತನ ಉಪದೇಶ. ಅಥೆನ್ಸಿನ ಸೇನಾನಿಯೂ ಭೀಮಾತೀರದ ಒಕ್ಕಲಿನ ಹುಡುಗನೂ ಪರಸ್ಪರ ಕೇಳಿದವರಲ್ಲ. ಇಬ್ಬರಿಗೂ ಹೇಳಿಕೊಟ್ಟದ್ದು ಕುದುರೆಯ ಬೆನ್ನೇ ಇರಬೇಕು.

ನಮ್ಮಲ್ಲಿ ಅನೇಕರು ಜೀನು-ರಿಕಾಪುಗಳು ಕುದುರೆಯ ಜೊತೆಯಲ್ಲಿಯೇ ಹುಟ್ಟಿದವೆಂದು ತಿಳಿದಿರುತ್ತಾರೆ. ಹಾಗಲ್ಲ. ಮನುಷ್ಯ ಕುದುರೆಯನ್ನೇರಿ ಸಾವಿರಾರು ವರ್ಷ ಸಂದ ಮೇಲೆ ಬಂದದ್ದು ರಿಕಾಪು. ಅದರ ಮೂಲರೂಪದಂತಿರುವ, ಕಾಲ್ಬೆರಳಿಗೆ ಸಿಕ್ಕಿಸುವ ಹಗ್ಗದ ಕುಣಿಕೆಯನ್ನು ಸಾಂಚಿ, ಮಥುರೆಗಳ ಹಳೆಯ ಶಿಲ್ಪಗಳಲ್ಲಿ ವಿದ್ವಾಂಸರು ಗುರುತಿಸಿದ್ದಾರೆ. ಬೂಟು ಹಾಕದ ನಾಡಿಗೆ ತಕ್ಕ ಉಪಾಯ! ಕಾಲೂರಿ ನಿಲ್ಲಬಹುದಾದ ಗಟ್ಟಿಯಾದ ಜೋಡಿ ರಿಕಾಪು ಚೀನದೇಶದಲ್ಲಿ ಕ್ರಿ.ಶ. 4ನೆಯ ಶತಮಾನದಲ್ಲಿ ಕಾಣಿಸಿತು. ಯುರೋಪನ್ನು ಮುಟ್ಟಲು ಇನ್ನೂ ಎರಡು ಮೂರು ಶತಮಾನ ಬೇಕಾಯಿತು. ಅಶೋಕನ ರಾವುತರು, ಸಾತವಾಹನರ ರಾವುತರು, ಅಲೆಕ್ಸಾಂಡರನ ರಾವುತರು ಇವರೆಲ್ಲ ಬರಿಯ ಆಸನದ ಬಲದಿಂದಲೇ ಕುದುರೆಯ ಮೇಲೆ ನಿಂತವರು.

ಆ ಕಾಲದ ರಾವುತರನ್ನು ನೋಡಲು ಮುಂಬಯಿಯವರು ದೂರ ಹೋಗಬೇಕಾದುದಿಲ್ಲ. ಲೋಣಾವಳದ ಆಚೆ ಮಳವಳಿ ಸ್ಟೇಶನ್ನಿನಿಂದ ಕಾರ್ಲೆಯ ಗುಹೆಗಳು ಕೆಲವೇ ಮೈಲು. ಕ್ರಿ.ಶ. ಒಂದನೆಯ ಶತಮಾನದ ಹೊತ್ತಿನ ಆ ಚೈತ್ಯದ ಕಂಬಸಾಲಿನಲ್ಲಿ ನಡುವಣ ಅಂಕಣದ ಕಡೆಗೆ ಮೊಣಕಾಲೂರಿದ ಆನೆಗಳಿವೆ. ಒಂದೊಂದರ ಮೇಲೂ ಇಬ್ಬಿಬ್ಬರು. ಪ್ರವಾಸಿಗರು ಆನೆಗಳನ್ನು ಕಂಡು ಫೋಟೋ ಹಿಡಿದು ಮರಳುತ್ತಾರೆ. ಕಂಬದ ಬೆನ್ನಿಗೆ, ಅಂದರೆ ಪಕ್ಕದ ಕತ್ತಲೆಯ ಓಣಿಯ ಕಡೆಗೆ, ಕುದುರೆ ಮತ್ತು ಹುಲಿಗಳ ಮೇಲೆ ಒಬ್ಬೊಬ್ಬ ಸವಾರರಿದ್ದಾರೆ. ಅವರನ್ನು ನೋಡುವವರು ಕಡಿಮೆ.

ಆ ಚೈತ್ಯದ ಬಾಗಿಲ ಬಳಿಯ ಬ್ರಾಹ್ಮೀ ಶಾಸನವನ್ನು ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕು. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಅದರಲ್ಲಿದೆ. ವೈಜಯಂತಿ ಎಂದರೆ ವಿದ್ವಾಂಸರ ಪ್ರಕಾರ ನಮ್ಮ ಬನವಾಸಿ. ಸೆಟ್ಟಿ ಎಂಬುದನ್ನು ಇಂಗ್ಲಿಷಿನ ಪಂಡಿತರು ‘ಬ್ಯಾಂಕರ್’ ಎಂದೇ ಭಾಷಾಂತರಿಸಿದ್ದಾರೆ! ಬನವಾಸಿಯಿಂದ ಘಟ್ಟದ ಈ ತುದಿಗೆ ಬಂದು ಹಣ ಸುರಿದ ಆ ಪೂರ್ವಿಕ ಬ್ಯಾಂಕಿನವನ ಬಗ್ಗೆ ನಮಗೆ ವೃತ್ತಿಬಾಂಧವ್ಯದ ಅಭಿಮಾನವಿದ್ದರೆ ವಾಚಕರು ಕ್ಷಮಿಸಬೇಕು.

ಇನ್ನು ಕನ್ನಡದ್ದೇ ಮಾತಿಗೆ ಬರೋಣ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ರಾಷ್ಟ್ರಕೂಟ ವಂಶದ ನಾಲ್ಕನೆಯ ಇಂದ್ರನ ಸ್ಮಾರಕವಾದ ಕನ್ನಡ ಶಾಸನವಿದೆ. ಇಂದ್ರನು ಮೂರನೆಯ ಕೃಷ್ಣನ ಮೊಮ್ಮಗ. 973ರಲ್ಲಿ ಚಾಲುಕ್ಯ ತೈಲಪನ ಕೈಯಲ್ಲಿ ರಾಜ್ಯ ಮುರಿದುಬಿತ್ತು. ಗಂಗ ಮಾರಸಿಂಹನ ಬೆಂಬಲವಿದ್ದರೂ ಸಿಂಹಾಸನ ಮರಳಲಿಲ್ಲ. 982ರಲ್ಲಿ ಇಂದ್ರನು ಸಲ್ಲೇಖನದಿಂದ ದೇಹ ಬಿಟ್ಟ. ಇಂಥವನ ಸ್ಮಾರಕದಲ್ಲಿ ಕಳೆದ ರಾಜ್ಯದ ಪ್ರಲಾಪವಿರಬೇಕೆಂದು ನಾವು ಎಣಿಸಿದ್ದೆವು. ಶಾಸನಕವಿ ಮನಸಾರೆ ಬಣ್ಣಿಸಿರುವುದು ಆತನ ಕುದುರೆ ಚೆಂಡಾಟವನ್ನು. ಮಂಡಲಮಾಲೆ, ತ್ರಿಮಂಡಲ, ಯಮಕಮಂಡಲ, ಅರ್ಧಚಂದ್ರ, ಸರ್ವತೋಭದ್ರ, ಚಕ್ರವ್ಯೂಹ ಎಂದು ಸುತ್ತುಗಳ ಹೆಸರುಗಳನ್ನೇ ಕೊಡುತ್ತಾನೆ.

ಅಜ್ಜನವರ ಪಾಠ ಕೇಳಿದ ಮೇಲೆ ಈ ಹೆಸರುಗಳ ಅರ್ಥ ನಮಗೆ ಬೇರೆಯಾಯಿತು. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಕೋಲು, ಕಣ್ಣು ನೆಲದ ಚೆಂಡಿನ ಮೇಲೆ. ಕುದುರೆ ಓಡುತ್ತ ಓಡುತ್ತಲೇ ಎಡಸುತ್ತಿನಿಂದ ಬಲಸುತ್ತಿಗೆ ತಿರುಗಬೇಕು. ಆ ಕ್ಷಣದಲ್ಲಿ ಹಿಡಿದುಕೊಳ್ಳಲು ಸವಾರನಿಗೆ ಏನೂ ಉಳಿದಿರುವುದಿಲ್ಲ. ಭಾರ ಎರಡೂ ಕಡೆಗೆ ಸಮನಾಗಿದ್ದು, ನಡು ಸಡಿಲವಾಗಿದ್ದರೆ ಮಾತ್ರ ಆತ ಉಳಿದಾನು. ಚಕ್ರಾಕಾರದ ಸುತ್ತುಗಳು ಇಂದಿಗೂ ಜಗತ್ತಿನ ಎಲ್ಲ ಸವಾರಿ ಶಾಲೆಗಳಲ್ಲಿ ಆಸನವನ್ನು ತಿದ್ದುವ ಸಾಧನಗಳಾಗಿವೆ. ರಾಜ್ಯ ಹೋದವನ ಕಲ್ಲಿನ ಮೇಲೆ ಈ ಒಂದು ಸೊತ್ತು ಉಳಿಯಿತು.

ಇಂದ್ರನ ತರುವಾಯ ಒಂದೂವರೆ ಶತಮಾನಕ್ಕೆ, ಅದೇ ತೈಲಪನ ವಂಶದ ಮೂರನೆಯ ಸೋಮೇಶ್ವರನು ಕಲ್ಯಾಣದಲ್ಲಿ ಆಳುತ್ತ 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ರಚಿಸಿದ. (ಇದು ಬೀದರ ಜಿಲ್ಲೆಯ ಕಲ್ಯಾಣ, ನಮ್ಮ ಲೋಕಲ್ ಗಾಡಿಯ ಕಲ್ಯಾಣವಲ್ಲ.) ಅದರಲ್ಲಿ ವಾಜಿವಾಹ್ಯಾಲಿ ವಿನೋದವೆಂಬ ಪ್ರಕರಣವೇ ಇದೆ. ಕುದುರೆ ಹುಟ್ಟಿದ ದೇಶ, ಬಣ್ಣ, ನಡಿಗೆಗಳಿಂದ ಹಿಡಿದು ಎರಡು ಪಕ್ಷಗಳು ಆಡುವ ಚೆಂಡಾಟದವರೆಗೆ ಅರಸ ಬರೆದಿದ್ದಾನೆ. ವಾಹ್ಯಾಲಿ ಎಂಬ ಆ ಶಬ್ದವೇ ನಮ್ಮ ಹಳೆಯ ಕಾವ್ಯಗಳಲ್ಲಿ ವೈಹಾಳಿ, ವಯ್ಯಾಳಿ ಎಂದಾಯಿತು. 1400ರ ಸುಮಾರಿಗೆ ಅಭಿನವಚಂದ್ರನು ಕುದುರೆಯ ವೈದ್ಯವನ್ನು ಕನ್ನಡದಲ್ಲಿಯೇ ಬರೆದ. ಕುದುರೆಯ ಮೈ ಬಲ್ಲವರು ನಮ್ಮ ನಾಡಿನಲ್ಲಿ ಅರಮನೆಯಲ್ಲಿಯೂ ಇದ್ದರು, ಲಾಯದಲ್ಲಿಯೂ ಇದ್ದರು.

ಹೊಯ್ಸಳರ ಕಾಲಕ್ಕೆ ರಾವುತನ ಕಾಲಿಗೆ ರಿಕಾಪು ಬಂದಿದೆ. ಹೊಯ್ಸಳ ಶಿಲ್ಪಗಳಲ್ಲಿಯ ಯುದ್ಧೋಪಕರಣಗಳನ್ನೇ ಕುರಿತು ಝಾನ್ ದೆಲೋಶ್ ಎಂಬ ಫ್ರೆಂಚ್ ವಿದ್ವಾಂಸರು 1989ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಜೀನು, ರಿಕಾಪುಗಳನ್ನು ಅವರು ಕಲ್ಲಿನಿಂದ ಒಂದೊಂದಾಗಿ ಎತ್ತಿ ತೋರಿಸಿದ್ದಾರೆ. ಜೀನಿಗೆ ಹಳಗನ್ನಡದಲ್ಲಿ ಪಲ್ಲಣ, ಆಮೇಲೆ ಹಲ್ಲಣ. ಈ ಶಬ್ದ ಇಂದು ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಗ್ರೀಕಿನಷ್ಟೇ ದೂರ.

ವಿಜಯನಗರದ ವಿಷಯವನ್ನು ಬಲ್ಲವರು ಬಹಳವಿದ್ದಾರೆ. ಹಜಾರರಾಮನ ಗುಡಿಯ ಪ್ರಾಕಾರದ ಕುದುರೆಸಾಲನ್ನು ನೋಡದ ಹಂಪೆಯ ಯಾತ್ರಿಕನಿಲ್ಲ. ಅರಸನು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಜ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನ ವಿಷಯವಾಗಿ ಆತ ಹೇಳುವುದು ಇನ್ನೂ ಸ್ವಾರಸ್ಯವಾಗಿದೆ: ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯೇ ಸಿಕ್ಕುತ್ತಿತ್ತಂತೆ. ವಿಮಾ ಕಂಪನಿಗಳವರು ಇದನ್ನು ಓದಬೇಕು. ಇಷ್ಟು ಬೆಲೆಯ ಪ್ರಾಣಿಯ ಬೆನ್ನನ್ನು ಕೆಟ್ಟ ಆಸನದಿಂದ ಹುಣ್ಣು ಮಾಡುವ ರಾವುತನನ್ನು ಯಾವ ಅರಸನೂ ಸಹಿಸಲಾರ. ಬರಿ ಬೆನ್ನಿನಲ್ಲಂತೂ ಭಾರವನ್ನು ಹಂಚಲು ಜೀನಿನ ಚೌಕಟ್ಟಿಲ್ಲ. ಸವಾರನ ಎರಡು ಎಲುಬುಗಳು ನೇರವಾಗಿ ಕುದುರೆಯ ಸ್ನಾಯುವಿನ ಮೇಲೆಯೇ ಊರುತ್ತವೆ. ಆದುದರಿಂದಲೇ ಇಂಥ ಸವಾರಿ ಬಹಳ ಹೊತ್ತು ಕೂಡದು. ನಡುವೆ ಮಡಿಚಿದ ಕಂಬಳಿಯೊಂದಿದ್ದರೆ ಇಬ್ಬರಿಗೂ ಕ್ಷೇಮ.

ರಿಕಾಪು ಬಂದ ಮೇಲೂ ಬಲ್ಲ ಗುರುಗಳು ಅದನ್ನು ಶಿಷ್ಯನಿಗೆ ಕೂಡಲೇ ಕೊಡಲಿಲ್ಲ. ವಿಯೆನ್ನಾದ ಪ್ರಸಿದ್ಧ ಸವಾರಿ ಶಾಲೆಯಲ್ಲಿ ಹೊಸ ಶಿಷ್ಯನು ಉದ್ದ ಹಗ್ಗದ ತುದಿಯಲ್ಲಿ ಸುತ್ತುವ ಕುದುರೆಯ ಮೇಲೆ ರಿಕಾಪಿಲ್ಲದೆ, ಲಗಾಮಿಲ್ಲದೆ ತಿಂಗಳುಗಟ್ಟಲೆ ಕುಳಿತು ಆಸನ ಸಾಧಿಸಬೇಕು. ಅಶ್ವದಳಗಳಲ್ಲಿಯೂ ಈ ಕ್ರಮವಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರೆಂಬುದನ್ನು ದಿಲ್ಲಿಯ ತೀನ್ ಮೂರ್ತಿ ಸಾರುತ್ತಿದೆ. ಕಾರ್ಮೆಲ್ ಬೆಟ್ಟದ ಕಲ್ಲು ಏರಿನಲ್ಲಿ ಫಿರಂಗಿಗಳ ಎದುರಿಗೆ ಈಟಿ ಹಿಡಿದು ಹತ್ತಿದವರ ಆಸನ ಎಂಥದಿದ್ದೀತು ಎಂಬುದನ್ನು, ಮಾಥೇರಾನಿನ ದಾರಿಯಲ್ಲಿ ಜಾರಿದವರು ಊಹಿಸಿಕೊಳ್ಳಬಹುದು.

ಮುಂಬಯಿಯಲ್ಲಿ ಕುದುರೆಯ ಕಾಲ ಮುಗಿಯುತ್ತ ಬಂದಿದೆ. 2015ರಲ್ಲಿ ಹೈಕೋರ್ಟು ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸಲು ಹೇಳಿತು. ಮಹಾಲಕ್ಷ್ಮಿಯ ಸವಾರಿ ಕ್ಲಬ್ಬಿಗೆ 1942ರಿಂದಲೂ ಹೆಸರಿದೆಯಾದರೂ ಗುಮಾಸ್ತರ ಸಂಬಳ ಅದರ ಗೇಟಿನವರೆಗೆ ಹೋಗದು. ಕಲಿಯಬೇಕೆನ್ನುವ ಹುಡುಗರಿಗೆ ಒಂದು ಮಾತು: ಅಜ್ಜನವರ ಕಾಲ ಬೇರೆ. ತಲೆಗೆ ಗಟ್ಟಿ ಟೋಪಿಯಿಲ್ಲದೆ, ಪಕ್ಕದಲ್ಲಿ ಬಲ್ಲವರಿಲ್ಲದೆ, ಗುರುತಿಲ್ಲದ ಕುದುರೆಯ ಬರಿ ಬೆನ್ನನ್ನು ಏರಬಾರದು. ಜಾಲಿಯ ಮುಳ್ಳು ನಮ್ಮ ಮೊಣಕೈಯಲ್ಲಿ ಬಿಟ್ಟ ಕಲೆಯನ್ನು ಬೇಕಾದವರಿಗೆ ತೋರಿಸುತ್ತೇವೆ.

ಅಜ್ಜನವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರಿಗೆ ನಮ್ಮ ಹೆಸರುಗಳು ನೆನಪಿರಲಿಲ್ಲ. ಮಗಳು ಸೋಫಾದ ಕೈಯ ಮೇಲೆ ಕುಳಿತರೆ ಮಾತ್ರ ಆಕೆಯ ಮೊಣಕಾಲನ್ನು ತಟ್ಟಿ ಸಡಿಲ ಮಾಡಿಸುತ್ತಿದ್ದರು. ದೀಪಾವಳಿಯ ರಜೆಯಲ್ಲಿ ನಾವು ಆಕೆಯನ್ನು ಕಾರ್ಲೆಗೆ ಕರೆದೊಯ್ದೆವು. ಭೂತಪಾಲನ ಶಾಸನವನ್ನು ತೋರಿಸಿ ಬನವಾಸಿಯ ಕಥೆ ಹೇಳಿದೆವು. ಆಕೆಗೆ ಅದು ರುಚಿಸಲಿಲ್ಲ. ಕಂಬಗಳ ಹಿಂದಿನ ಕತ್ತಲೆಗೆ ನುಗ್ಗಿ ಸವಾರರನ್ನು ಎಣಿಸತೊಡಗಿದಳು. ಹನ್ನೊಂದನೆಯ ಕಂಬದ ಬಳಿ ನಿಂತು, “ಅಪ್ಪಾ, ಇವನು ತೊಡಿ ಬಿಗಿದಿಲ್ಲ ನೋಡು” ಎಂದು ಕೂಗಿದಳು. ಕಾವಲುಗಾರ ಸೀಟಿ ಊದಿದ್ದರಿಂದ ಹನ್ನೆರಡನೆಯವನನ್ನು ನೋಡಲಾಗಲಿಲ್ಲ.